ಜಾಲಿಮುಳ್ಳು ಬರೆದ ಒಂದು ಹಾಳೆ

ಹೊನ್ನಾಳಿಯಿಂದ ಸ್ವಲ್ಪ ಆಚೆ, ಮುಖ್ಯರಸ್ತೆಯ ಪಕ್ಕದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ನಾಲ್ಕು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದೆ. ಕಾಯಂ ಕೆಲಸವಲ್ಲ. ಪ್ರತಿ ವರ್ಷ ತರಗತಿಗಳು ಶುರುವಾಗುವ ಮುಂಚೆ ಪ್ರಾಂಶುಪಾಲರ ಸಹಿ ಇರುವ ಒಂದು ಪತ್ರ ಬರಬೇಕು. ಬಂದರೆ ಆ ವರ್ಷ ನಾನು ಮೇಡಂ, ಬರದಿದ್ದರೆ ಇಲ್ಲ. ಮನೆ ನ್ಯಾಮತಿಯಲ್ಲಿ. ನನ್ನ ಗಂಡನದು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳನ್ನು ರೈತರು ಬೈಕಿನ ಹಿಂದೆ ಹಗ್ಗ ಬಿಗಿದು ತರುತ್ತಾರೆ, ಅವರು ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತುತ್ತಾರೆ. ಶಾಂತ ಮನುಷ್ಯ. ನಾನು ಮಾತ್ರ ಹುಟ್ಟು ಅಂಜುಬುರುಕಿ. ಮನೆ ಬೀಗ ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡಿ, ಬಸ್ ಹತ್ತಿದ ಮೇಲೆ ಮೂರನೇ ಸಲ ಜಗ್ಗಿ ನೋಡಬೇಕಿತ್ತು ಅಂದುಕೊಳ್ಳುವವಳು.

ಇಂಥವಳು ಒಮ್ಮೆ ಪ್ರಾಂಶುಪಾಲರ ಮುಂದೆ ನಿಂತು ಇಲ್ಲ ಎಂದಳು. ಧೈರ್ಯದ ಕಥೆ ಎಂದು ಯಾರೂ ತಿಳಿಯಬಾರದು. ಆ ತಿಂಗಳು ನಾನು ಉಂಡದ್ದು ಜೀರ್ಣವಾಗಲಿಲ್ಲ.

ಬಿ.ಎ. ಕೊನೆಯ ವರ್ಷದವರಿಗೆ ಬೇರೆ ಬೇರೆ ದೇಶಗಳ ಸಂವಿಧಾನದ ಪಾಠವಿತ್ತು. ಅದರಲ್ಲಿ ಅಮೆರಿಕದ್ದು ಮೂರು ವಾರದ ಪಾಠ. ಸಾಮಾನ್ಯವಾಗಿ ಎಲ್ಲರೂ ನೋಟ್ಸ್ ಬರೆಸಿ ಮುಗಿಸುತ್ತಾರೆ: ಅಧಿಕಾರ ವಿಭಜನೆ ಎಂದರೇನು, ಅದರ ಗುಣಗಳು, ದೋಷಗಳು. ನನಗೆ ಹಾಗೆ ಬರೆಸಲು ಮನಸ್ಸು ಬರುತ್ತಿರಲಿಲ್ಲ. ಆ ದೇಶ ಹುಟ್ಟಿದ ಹೊಸದರಲ್ಲಿ ಅಲ್ಲಿನ ಜನ ಎಷ್ಟು ಹೆದರಿದ್ದರು ಎಂಬುದೇ ನನ್ನನ್ನು ಹಿಡಿದಿಟ್ಟಿತ್ತು. ರಾಜನನ್ನು ಯುದ್ಧ ಮಾಡಿ ಓಡಿಸಿದ್ದಾರೆ, ಹದಿಮೂರು ರಾಜ್ಯಗಳಿವೆ, ಎಲ್ಲವನ್ನೂ ಕಟ್ಟಿದ ಹಗ್ಗ ಸಡಿಲ. ಕೇಂದ್ರ ಸರ್ಕಾರಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ, ಹೇಳಿದ್ದನ್ನು ಕೇಳುವವರಿಲ್ಲ. ಹಗ್ಗ ಬಿಗಿ ಮಾಡಬೇಕು. ಆದರೆ ಬಿಗಿ ಮಾಡಿದರೆ ಅದೇ ಹಗ್ಗ ಕುತ್ತಿಗೆಗೆ ಬಂದರೆ? ಆ ಹೆದರಿಕೆಯಿಂದ ಹುಟ್ಟಿದ ಕಾಗದ ಅದು. ಹೆದರಿಕೆಯವಳಾದ ನನಗೆ ಅದು ಚೆನ್ನಾಗಿ ಅರ್ಥವಾಗುತ್ತಿತ್ತು.

ತರಗತಿಯಲ್ಲಿ ಇಪ್ಪತ್ತಾರು ಜನ ಇದ್ದರು. ಅವರನ್ನು ರಾಜ್ಯಗಳಾಗಿ ಹಂಚಿ, ಪ್ರತಿನಿಧಿಗಳನ್ನಾಗಿ ಕೂರಿಸಿ ಸಭೆ ನಡೆಸಿದೆ. ಒಳಗಿನ ಮಾತು ಹೊರಗೆ ಹೋಗಬಾರದೆಂದು ಅವರು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡು ಕೂತಿದ್ದರಂತೆ ಎಂದು ಹೇಳಿದ್ದೇ ತಡ, ನಮ್ಮವರೂ ಕಿಟಕಿಗಳನ್ನೆಲ್ಲ ಮುಚ್ಚಿದರು. ಫ್ಯಾನ್ ಕೆಟ್ಟಿತ್ತು. ಅರ್ಧ ಗಂಟೆಯಲ್ಲಿ ಎಲ್ಲರ ಬೆನ್ನೂ ಒದ್ದೆ. ಆದರೂ ಒಬ್ಬರೂ ಕಿಟಕಿ ತೆರೆಯಲಿಲ್ಲ. ದೊಡ್ಡ ರಾಜ್ಯಗಳು ತಲೆ ಎಣಿಸಿ ಸೀಟು ಕೊಡಿ ಎಂದವು, ಚಿಕ್ಕ ರಾಜ್ಯಗಳು ಎಲ್ಲರಿಗೂ ಸಮ ಕೊಡಿ ಎಂದವು. ಎರಡು ಸದನ ಮಾಡಿ ಒಂದರಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಎಂದು ಒಪ್ಪಂದಕ್ಕೆ ಬರುವಷ್ಟರಲ್ಲಿ ಇಬ್ಬರು ಗೆಳೆಯರು ನಿಜವಾಗಿಯೂ ಮಾತು ಬಿಟ್ಟಿದ್ದರು.

ಆ ತರಗತಿಯಲ್ಲಿ ಸೊಕ್ಕೆಯ ಕಡೆಯ ಒಬ್ಬ ಹುಡುಗಿ ಇದ್ದಳು. ಜಗಳೂರು ತಾಲ್ಲೂಕಿನ ಮನೆ ಬಿಟ್ಟು ಹೊನ್ನಾಳಿಯಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದಳು. ಅವರದು ಬೌದ್ಧ ಕುಟುಂಬ, ತಂದೆಗೆ ಎರಡು ಎಕರೆ ಹೊಲ, ಉಳಿದ ದಿನ ಕೂಲಿ. ಮಾತು ಕಡಿಮೆ. ಗುಲಾಮರ ಲೆಕ್ಕದ ಪಾಠ ಬಂದ ದಿನ ಎದ್ದು ನಿಂತಳು. ಸೀಟು ಹಂಚುವಾಗ ಐವರು ಗುಲಾಮರನ್ನು ಮೂವರು ಎಂದು ಎಣಿಸಲು ಆ ಸಭೆ ಒಪ್ಪಿತು ಎಂದು ನಾನು ಆಗಷ್ಟೇ ಹೇಳಿದ್ದೆ.

"ಅವರಿಗೆ ಓಟು ಇತ್ತೇನ್ರೀ ಮೇಡಂ?"

"ಇರಲಿಲ್ಲ."

"ಮತ್ತೆ ಅವರ ತಲೆ ಎಣಿಸಿ ಬಂದ ಸೀಟು ಯಾರಿಗೆ ಹೋತು?"

"ಅವರನ್ನು ಇಟ್ಟುಕೊಂಡಿದ್ದವರ ರಾಜ್ಯಕ್ಕೆ."

ಅವಳು ಕಿಟಕಿಯ ಕಡೆ ನೋಡಿದಳು. "ಹಂಗಾದ್ರೆ ಕಿಟಕಿ ಮುಚ್ಚಿದ್ದು ಅದಕ್ಕೇ ಇರಬೇಕು ಬಿಡ್ರಿ," ಎಂದು ಕೂತಳು. ಅದಕ್ಕಷ್ಟೇ ಅಲ್ಲ, ಬೇರೆ ಕಾರಣಗಳೂ ಇದ್ದವು ಎಂದು ನಾನು ವಿವರಿಸಿದೆ. ಆದರೆ ಅವಳ ಮಾತು ತರಗತಿಯಲ್ಲಿ ಉಳಿಯಿತು, ನನ್ನ ವಿವರಣೆ ಉಳಿಯಲಿಲ್ಲ.

ಇನ್ನೊಬ್ಬ ಹುಡುಗ ತ್ಯಾವಣಿಗೆ ಕಡೆಯವನು. ಅವನಿಗೆ ಮಾತು ಜಾಸ್ತಿ. ಸಭೆಯ ಕೊನೆಯಲ್ಲಿ ಮೂವರು ಪ್ರತಿನಿಧಿಗಳು ಸಹಿ ಹಾಕಲು ಒಪ್ಪಲಿಲ್ಲ ಎಂದಾಗ, ಅವರಲ್ಲಿ ಒಬ್ಬನ ಪಾತ್ರ ತನಗೇ ಬೇಕು ಎಂದು ಕೇಳಿ ಪಡೆದ. ಬೆಂಚಿನ ಮೇಲೆ ಕೈಯೂರಿ ನಿಂತು ಹತ್ತು ನಿಮಿಷ ಮಾತಾಡಿದ. ಇದರಲ್ಲಿ ಜನರ ಹಕ್ಕುಗಳ ಪಟ್ಟಿಯೇ ಇಲ್ಲ, ಅಧ್ಯಕ್ಷ ಅನ್ನೋನು ನಾಳೆ ರಾಜ ಆದರೆ ಹಿಡಿಯೋರು ಯಾರು, ನಾನು ಸಹಿ ಹಾಕಲ್ಲ ಎಂದ. ಕಾರಿಡಾರಿನಲ್ಲಿ ಹೋಗುತ್ತಿದ್ದ ಪ್ರಾಂಶುಪಾಲರು ಬಾಗಿಲ ಬಳಿ ನಿಂತು ಕೇಳಿ ನಕ್ಕು ಹೋದರು. ಆ ನಗು ನನಗೆ ಆಗ ಮೆಚ್ಚುಗೆಯಂತೆ ಕಂಡಿತ್ತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ದೇಶದ ನಿಜವಾದ ವಾದ ಶುರುವಾಗಿದ್ದು ಸಭೆ ಮುಗಿದ ಮೇಲೆ. ಕರಡನ್ನು ಒಪ್ಪಬೇಕೋ ಬೇಡವೋ ಎಂದು ಊರೂರಲ್ಲಿ ಜಗಳ. ಪತ್ರಿಕೆಗಳಲ್ಲಿ ಬರೆದವರಲ್ಲಿ ಬಹಳ ಜನ ಸ್ವಂತ ಹೆಸರು ಹಾಕುತ್ತಿರಲಿಲ್ಲ. ಹಳೆಯ ರೋಮಿನವರ ಹೆಸರು ಹಾಕಿಕೊಂಡು ಬರೆಯುತ್ತಿದ್ದರು. ಯಾರು ಹೇಳಿದರು ಎಂಬುದನ್ನು ಬಿಟ್ಟು ಏನು ಹೇಳಿದರು ಎಂಬುದನ್ನು ಜನ ನೋಡಲಿ ಎಂಬುದು ಒಂದು ಕಾರಣ. ಹೆದರಿಕೆಯೂ ಒಂದು ಕಾರಣ ಇದ್ದಿರಬೇಕು. ನೀವೂ ಹಾಗೇ ಬರೆಯಿರಿ ಎಂದು ನಾನು ಹೇಳಿದೆ. ಒಂದು ಹಾಳೆ, ಅಡ್ಡ ಹೆಸರು, ಅಧಿಕಾರ ಒಬ್ಬರ ಕೈಯಲ್ಲೇ ಇರಬೇಕೋ ಹಂಚಬೇಕೋ ಎಂಬುದರ ಬಗ್ಗೆ ನಿಮ್ಮ ಮಾತು. ಬರೆದವರು ಯಾರೆಂದು ನಾನು ಕೇಳುವುದಿಲ್ಲ. ಮೆಟ್ಟಿಲ ಪಕ್ಕದ ನೋಟಿಸ್ ಬೋರ್ಡಿಗೆ ನೀವೇ ಪಿನ್ ಹಾಕಿ.

ಎರಡು ದಿನದಲ್ಲಿ ಬೋರ್ಡು ತುಂಬಿತು. ಬೇವಿನ ಮರ, ಮೂರನೇ ಬೆಂಚು, ತುಂಗಭದ್ರೆ ಎಂಬ ಹೆಸರುಗಳು. ಒಬ್ಬರು ರಾಗಿಮುದ್ದೆ ಎಂದು ಹಾಕಿ, ಅಧಿಕಾರವನ್ನು ಮೂರು ತಟ್ಟೆಗೆ ಹಂಚಿದರೆ ಯಾರಿಗೂ ಹೊಟ್ಟೆ ತುಂಬಲ್ಲ ಎಂದು ಬರೆದಿದ್ದರು. ನಗುತ್ತಾ ಓದಿದೆ. ಮೂರನೇ ದಿನ ಬೆಳಗ್ಗೆ ಕೊನೆಯದಾಗಿ ಒಂದು ಹಾಳೆ ಬಂದಿತ್ತು. ಕೆಳಗೆ ಜಾಲಿಮುಳ್ಳು ಎಂದಿತ್ತು.

ಅದರಲ್ಲಿ ಅಮೆರಿಕ ಇರಲಿಲ್ಲ. ನಮ್ಮ ಕಾಲೇಜು ಇತ್ತು. ಆ ವರ್ಷ ಪ್ರಾಂಶುಪಾಲರು ಫೋನಿನ ಬಗ್ಗೆ ಒಂದು ನಿಯಮ ಮಾಡಿದ್ದರು. ತರಗತಿಗೆ ಫೋನ್ ತರಬಾರದು. ತಂದರೆ ತಿಂಗಳು ಕಾಲ ಜಪ್ತಿ. ಚೀಲಗಳನ್ನು ಅವರೇ ಬಂದು ನೋಡುತ್ತಿದ್ದರು. ತಪ್ಪೋ ಅಲ್ಲವೋ, ಎಷ್ಟು ದಿನ ಎಂಬುದನ್ನೂ ಅವರೇ ತಮ್ಮ ಕೋಣೆಯಲ್ಲಿ ತೀರ್ಮಾನಿಸುತ್ತಿದ್ದರು. ಹದಿನೈದು ದಿನದ ಹಿಂದೆ ಸೊಕ್ಕೆಯ ಹುಡುಗಿಯ ಪಕ್ಕದಲ್ಲಿ ಕೂರುವ ಗೆಳತಿಯ ಫೋನ್ ಸಿಕ್ಕಿತ್ತು. ಅವರು ಅದನ್ನು ತೆರೆಸಿ, ಮೆಸೇಜುಗಳನ್ನು ಓದಿ, ಅವಳ ತಂದೆಯನ್ನು ಕರೆಸಿದ್ದರು. ಆ ಹುಡುಗಿ ಒಂದು ವಾರ ಬರಲಿಲ್ಲ. ಬಂದ ಮೇಲೆ ತಲೆ ಎತ್ತಿ ಕೂರಲಿಲ್ಲ. ನಮಗೆಲ್ಲ ಗೊತ್ತಿತ್ತು. ಸ್ಟಾಫ್ ರೂಮಿನಲ್ಲಿ ನಾವು ಆ ವಿಷಯ ಬಂದಾಗ ಚಹಾ ಲೋಟದ ಕಡೆ ನೋಡುತ್ತಿದ್ದೆವು.

ಜಾಲಿಮುಳ್ಳು ಬರೆದದ್ದು ಹೀಗಿತ್ತು: ನಿಯಮ ಮಾಡಿದವರು ಒಬ್ಬರು. ಚೀಲ ತಡಕಿದವರು ಅವರೇ. ತಪ್ಪು ಎಂದು ತೀರ್ಮಾನಿಸಿದವರೂ ಅವರೇ. ನನ್ನದು ತಪ್ಪಲ್ಲ ಎನ್ನಲು ಆ ಹುಡುಗಿ ಯಾರ ಬಾಗಿಲಿಗೆ ಹೋಗಬೇಕಿತ್ತು? ಫೋನ್ ತರಬಾರದು ಎಂಬುದು ನಿಯಮ. ಫೋನಿನ ಒಳಗಿರುವುದನ್ನು ಓದಬಹುದು ಎಂದು ಯಾವ ನಿಯಮದಲ್ಲಿದೆ?

ಅಷ್ಟೇ. ಒಂದು ಬೈಗುಳವಿಲ್ಲ. ಎರಡನೇ ಸಾಲು ಓದುವಾಗಲೇ ಬರೆದವರು ಯಾರೆಂದು ತಿಳಿಯಿತು, ಏಕೆಂದರೆ ಆ ಅಕ್ಷರ ನನಗೆ ಗೊತ್ತಿತ್ತು. ನಾವೆಲ್ಲ ತೀರ್ಮಾನ, ಸರ್ಕಾರ ಎಂದು ಬರೆಯುವಾಗ ಅರ್ಕಾವತ್ತನ್ನು ಅಕ್ಷರದ ಬಲಕ್ಕೆ ಎಳೆಯುತ್ತೇವೆ. ಸೊಕ್ಕೆಯ ಹುಡುಗಿ ಮಾತ್ರ ಮೊದಲು ರ ಬರೆದು ಅದರ ಕೆಳಗೆ ಒತ್ತು ಕೊಡುತ್ತಿದ್ದಳು. ಊರಿನ ಶಾಲೆಯ ಮೇಷ್ಟ್ರು ಹಾಗೆ ಕಲಿಸಿದ್ದರಂತೆ. ಮೂರು ವರ್ಷದಿಂದ ಅವಳ ಉತ್ತರ ಪತ್ರಿಕೆ ನೋಡುತ್ತಿದ್ದ ನನಗೆ ಅದು ಮುಖದಷ್ಟೇ ಪರಿಚಯ. ಜಾಲಿಮುಳ್ಳು ಎಂಬ ಹೆಸರೂ ಅವಳ ಕಡೆಯ ಬಯಲಿನದೇ ಅನ್ನಿಸಿತು.

ಹಾಳೆಯನ್ನು ಕಿತ್ತುಬಿಡೋಣ ಎಂದು ಕೈ ಎತ್ತಿದೆ. ಹುಡುಗರು ನೋಡುತ್ತಿದ್ದರು. ಕೈ ಇಳಿಸಿ ತರಗತಿಗೆ ಹೋದೆ. ಪಾಠ ಮುಗಿಸಿ ಬರುವಷ್ಟರಲ್ಲಿ ಆ ಹಾಳೆಯ ಜಾಗದಲ್ಲಿ ಬರೀ ನಾಲ್ಕು ಗುಂಡುಪಿನ್ನುಗಳಿದ್ದವು. ಅಟೆಂಡರ್ ಬಂದು ಸಾಹೇಬರು ಕರೀತಾರೆ ಎಂದ.

ಪ್ರಾಂಶುಪಾಲರನ್ನು ಕೆಟ್ಟವರೆಂದು ಬರೆದರೆ ಸುಳ್ಳಾಗುತ್ತದೆ. ಪರೀಕ್ಷೆಯ ದಿನ ಬಸ್ ತಪ್ಪಿಸಿಕೊಂಡ ಹುಡುಗರನ್ನು ತಮ್ಮ ಬೈಕಿನಲ್ಲಿ ಹೋಗಿ ಕರೆತಂದವರು. ಕಾಲೇಜಿನ ಮುಂದಿನ ಹೊಂಗೆ ಗಿಡಗಳಿಗೆ ಬೆಳಗ್ಗೆ ಎಂಟಕ್ಕೇ ಬಂದು ನೀರು ಹಾಕುತ್ತಿದ್ದವರು. ಹೆಣ್ಣುಮಕ್ಕಳ ತಂದೆತಾಯಿ ಅವರನ್ನು ನಂಬಿ ಮಕ್ಕಳನ್ನು ಕಳಿಸುತ್ತಿದ್ದರು. ಹಾಳೆ ಅವರ ಮೇಜಿನ ಗಾಜಿನ ಮೇಲೆ ಇತ್ತು.

"ಇದು ನಿಮ್ಮ ಪಾಠದ್ದಂತಲ್ಲ ಮೇಡಂ."

"ಹೌದು ಸರ್."

"ಯಾರು ಬರ್ದಿದ್ದು?"

"ಗೊತ್ತಿಲ್ಲ ಸರ್," ಎಂದೆ. ಅದು ನಾನು ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿ ತಾನಾಗಿ ಹೇಳಿತು.

"ನನಗೆ ಗೊತ್ತೈತೆ," ಎಂದರು. "ಸಹಿ ಹಾಕಲ್ಲ ಅಂತ ಭಾಷಣ ಬಿಗೀತಿದ್ನಲ್ಲ, ಅವನದೇ ಮಾತಿದು. ಆದ್ರೂ ಕ್ರಮವಾಗಿ ಆಗ್ಲಿ. ವಿಚಾರಣೆ ನೀವೇ ಮಾಡ್ರಿ. ವರದಿ ನೀವೇ ಕೊಡ್ರಿ. ಏನು ಶಿಕ್ಷೆ ಅಂತಾನೂ ನೀವೇ ಬರೀರಿ, ನಾನು ಸಹಿ ಹಾಕ್ತೀನಿ. ಅಲ್ಲೀವರೆಗೆ ಅವನು ಕ್ಲಾಸಿಗೆ ಬರೋದು ಬ್ಯಾಡ. ಹಾಲ್ ಟಿಕೆಟ್ ನನ್ನ ಹತ್ರ ಇರ್ಲಿ."

ಪರೀಕ್ಷೆಗೆ ಇಪ್ಪತ್ತು ದಿನ ಇತ್ತು.

ಆ ಸಂಜೆ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಹೆಸರಿಲ್ಲದೆ ಬರೆಯಿರಿ ಎಂಬ ನಿಯಮ ಮಾಡಿದವಳು ನಾನು. ಈಗ ಹುಡುಕಬೇಕಾದವಳು ನಾನು. ತೀರ್ಪು ಕೊಡಬೇಕಾದವಳೂ ನಾನು. ಬರೆದದ್ದು ಆ ಹುಡುಗಿ ಎಂದರೆ ಅವಳ ಓದು ಅಲ್ಲಿಗೆ ನಿಲ್ಲುತ್ತದೆ. ಅಕ್ಕನ ಮನೆಯಲ್ಲಿ ಅವಳನ್ನು ಇಟ್ಟುಕೊಂಡಿರುವುದೇ ಭಾವನ ಒಳ್ಳೆಯತನದ ಮೇಲೆ. ಸುಮ್ಮನಿದ್ದರೆ ಏನೂ ಮಾಡದ ಹುಡುಗ ಒಂದು ವರ್ಷ ಕಳೆದುಕೊಳ್ಳುತ್ತಾನೆ. ಇನ್ನೊಂದು ಯೋಚನೆಯೂ ಬಂತು, ಅದನ್ನು ಮುಚ್ಚಿಡುವುದಿಲ್ಲ: ಮುಂದಿನ ವರ್ಷದ ನನ್ನ ಪತ್ರ ಇದೇ ಮೇಜಿನಿಂದ ಬರಬೇಕು. ನ್ಯಾಮತಿ ಬಂದದ್ದು ಗೊತ್ತಾಗದೆ ಕೂತೇ ಇದ್ದೆ. ಕಂಡಕ್ಟರ್ ಎಬ್ಬಿಸಿದರು.

ಗಂಡ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದರು. ಎಲ್ಲವನ್ನೂ ಹೇಳಿದೆ, ಹೆಸರೊಂದನ್ನು ಬಿಟ್ಟು.

"ಯಾರು ಬರ್ದಿದ್ದು ಅಂತ ನಿನಗೆ ಗೊತ್ತೈತಾ?"

"ಗೊತ್ತೈತೆ."

"ಹಂಗಾದ್ರೆ ನನಗೂ ಹೇಳಬ್ಯಾಡ," ಎಂದರು. "ಗೊತ್ತಿರೋರು ಜಾಸ್ತಿ ಆದಷ್ಟೂ ಹೆದರಿಕೆ ಜಾಸ್ತಿ."

"ನನಗೆ ಈಗಲೇ ಹೊಟ್ಟೆ ತೊಳಸ್ತೈತೆ."

"ಮಜ್ಜಿಗೆ ಕುಡಿ. ನಾಳೆ ಆ ಹುಡುಗನ್ನ ಕೇಳು. ಅವನೇನು ಅಂತಾನೆ ನೋಡು."

ಮರುದಿನ ಗ್ರಂಥಾಲಯದ ಮೂಲೆಯ ಮೇಜಿಗೆ ಅವನನ್ನು ಕರೆಸಿದೆ. ನನ್ನ ಮುಂದೆ ಬಿಳಿ ಹಾಳೆ, ಪೆನ್ನು. ವಿಚಾರಣೆ ಎಂದರೆ ಹೇಗೆ ಶುರು ಮಾಡಬೇಕೆಂದೇ ನನಗೆ ತಿಳಿದಿರಲಿಲ್ಲ. ಅವನ ಮುಖದಲ್ಲಿ ಹಿಂದಿನ ವಾರದ ಹುರುಪು ಇರಲಿಲ್ಲ.

"ನೀನು ಬರೆದದ್ದಾ?"

"ಅಲ್ಲ ಅಂತ ಹೇಳಾಕೆ ಬರಲ್ಲ ಮೇಡಂ. ಹೌದು ಅಂತಾನೂ ಹೇಳಲ್ಲ. ಹೆಸರು ಕೇಳಲ್ಲ ಅಂದೋರು ನೀವೇ."

"ಹಾಲ್ ಟಿಕೆಟ್ ಸಿಗದೆ ಹೋದರೆ?"

ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತ. "ಅದೇ ಯೋಚನೆ ಆಗೈತ್ರಿ," ಎಂದ. ಹುಡುಗಿಯನ್ನು ಕಾಪಾಡುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನನ್ನ ಹಾಳೆ ಬಿಳಿಯಾಗಿಯೇ ಉಳಿಯಿತು.

ಒಂದು ವಾರ ಹಾಗೇ ಹೋಯಿತು. ಪ್ರಾಂಶುಪಾಲರು ದಿನಾ ಕಾರಿಡಾರಿನಲ್ಲಿ ಸಿಕ್ಕಾಗ "ವರದಿ?" ಎಂದಷ್ಟೇ ಕೇಳುತ್ತಿದ್ದರು. ನಾನು "ಆಗ್ತಾ ಇದೆ ಸರ್" ಎನ್ನುತ್ತಿದ್ದೆ. ಸಹೋದ್ಯೋಗಿಗಳು ನನ್ನ ಪಕ್ಕದ ಕುರ್ಚಿ ಬಿಟ್ಟು ಕೂರತೊಡಗಿದರು, ಅಥವಾ ನನಗೆ ಹಾಗೆ ಕಂಡಿತು. ಆ ಹುಡುಗಿ ಮಾತ್ರ ದಿನವೂ ಬಂದು ಮೊದಲ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದಳು. ಅವಳ ಪೆನ್ನಿನ ಕಡೆ ನಾನು ನೋಡುತ್ತಿರಲಿಲ್ಲ. ತರಗತಿಯಲ್ಲಿ ಆಗ ನ್ಯಾಯಾಧೀಶರ ಪಾಠ ನಡೆದಿತ್ತು. ನ್ಯಾಯಾಧೀಶರು ಸರಿಯಾಗಿ ನಡೆದುಕೊಳ್ಳುವವರೆಗೂ ಅವರನ್ನು ತೆಗೆಯುವಂತಿಲ್ಲ, ಅವರ ಸಂಬಳ ಇಳಿಸುವಂತಿಲ್ಲ ಎಂದು ಅಮೆರಿಕದ ಸಂವಿಧಾನದಲ್ಲಿ ಏಕೆ ಬರೆದರು ಎಂದು ವಿವರಿಸುತ್ತಿದ್ದೆ. ನಾಳೆಯ ಅನ್ನಕ್ಕೆ ಯಾರ ಕೈ ನೋಡಬೇಕೋ ಅವರ ಬಗ್ಗೆ ನೇರ ತೀರ್ಪು ಹೇಳುವುದು ಕಷ್ಟ ಎಂದೆ. ನೀರು ಕುಡಿದು ಮುಂದುವರಿಸಿದೆ.

ಎಂಟನೇ ದಿನ ಹುಡುಗನ ತಾಯಿ ಬಂದರು. ತ್ಯಾವಣಿಗೆ ಕಡೆಯಿಂದ ಬೆಳಗಿನ ಬಸ್ಸಿಗೆ ಹೊರಟು, ಪ್ರಾಂಶುಪಾಲರು ಸಿಗದೆ, ಜಗಲಿಯ ಕಟ್ಟೆಯ ಮೇಲೆ ಕೂತಿದ್ದರು. ನನ್ನ ತಾಯಿಯ ವಯಸ್ಸು. ಕೈಯಲ್ಲಿ ಬಟ್ಟೆಯ ಚೀಲ, ಕಾಲಿನ ಹಿಮ್ಮಡಿಯಲ್ಲಿ ಗದ್ದೆಯ ಕೆಸರಿನ ಬಿರುಕು. ವಿಚಾರಣೆ ಮಾಡುವವರು ಇವರೇ ಎಂದು ಯಾರೋ ನನ್ನನ್ನು ತೋರಿಸಿದ್ದರು.

"ಕೂಡ್ರಿ ಅವ್ವಾ," ಎಂದು ನಾನೂ ಕಟ್ಟೆಯ ಮೇಲೆ ಕೂತೆ.

"ನನ್ನ ಮಗ ಅದೇನೋ ಬರ್ದಾನಂತಲ್ಲ ತಾಯಿ. ಕೆಟ್ಟ ಮಾತಾ?"

"ಕೆಟ್ಟ ಮಾತಲ್ಲ."

"ಹೆಣ್ಮಕ್ಕಳ ಬಗ್ಗೆ ಏನಾರ?"

"ಇಲ್ಲ, ಇಲ್ಲ."

"ಸುಳ್ಳು ಬರ್ದಾನಾ?"

"ಸುಳ್ಳಲ್ಲ."

ಅವರು ನನ್ನ ಮುಖ ನೋಡುತ್ತಾ ಕೂತರು. "ಮತ್ತೆ ಯಾತಕ್ಕೆ ಹೊರಗೆ ಹಾಕೀರಿ?"

ನಾನು ಹೊರಗೆ ಹಾಕಲಿಲ್ಲ ಎನ್ನಬಹುದಿತ್ತು. ಬಾಯಿಗೆ ಬಂತು ಕೂಡ. ಆದರೆ ಅವನನ್ನು ಒಳಗೆ ಕರೆಯುವ ಮಾತನ್ನೂ ನಾನು ಎಂಟು ದಿನದಿಂದ ಆಡಿರಲಿಲ್ಲ. ಅವರಿಗೆ ಕ್ಯಾಂಟೀನಿನಿಂದ ಚಹಾ ತರಿಸಿಕೊಟ್ಟೆ. ಕುಡಿದು, ಲೋಟವನ್ನು ನಲ್ಲಿಯಲ್ಲಿ ತಾವೇ ತೊಳೆದಿಟ್ಟು, ಮಧ್ಯಾಹ್ನದ ಬಸ್ಸಿಗೆ ಹೋದರು.

ಆ ಮಧ್ಯಾಹ್ನವೇ ಸೊಕ್ಕೆಯ ಹುಡುಗಿಯನ್ನು ಕರೆಸಿದೆ. ಒಪ್ಪಿಕೋ ಎಂದು ಒತ್ತಾಯಿಸುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಒಪ್ಪಿಕೊಂಡರೆ ನನ್ನ ಕಷ್ಟ ಮುಗಿಯುತ್ತದೆ ಎಂಬ ಆಸೆಯೂ ಒಳಗೆ ಇತ್ತು. ಅವಳು ನಿಂತೇ ಮಾತಾಡಿದಳು.

"ಅಕ್ಷರ ನಂದೇ ರೀ ಮೇಡಂ. ನಿಮಗೆ ಗುರುತು ಸಿಕ್ಕಿರ್ತೈತೆ ಅಂತ ಗೊತ್ತಿತ್ತು."

"ಮತ್ತೆ ಅವನು?"

"ಮೊದಲನೇ ಸಾಲು ಅವಂದು. ಯಾರ ಬಾಗಿಲಿಗೆ ಹೋಗಬೇಕು ಅನ್ನೋದು ನಂದು. ಫೋನ್ ಕಳ್ಕೊಂಡೋಳು ಪಕ್ಕದಾಗೆ ಕೂತಿದ್ಲು. ಜೋರಾಗಿ ಬರ್ದಿದ್ದನ್ನೆಲ್ಲ ಅವಳೇ ಹೊಡೆದು ಹಾಕಿದ್ಲು. ಬೈಗುಳ ಬ್ಯಾಡ, ಕೇಳೋದು ಸಾಕು ಅಂದ್ಲು. ಅವನ ಅಕ್ಷರ ಯಾರಿಗೂ ಓದಾಕೆ ಬರಲ್ಲ, ಅದಕ್ಕೆ ನಾನು ಬರ್ದೆ." ಆಮೇಲೆ ಹೇಳಿದಳು: "ನಾನೇ ಹೋಗಿ ಹೇಳ್ತೀನಿ ಅಂದೆ. ಅವನು ಬ್ಯಾಡ ಅಂದ. ಒಬ್ರು ಸಿಕ್ಕಿಬಿದ್ರೆ ಸಾಕು, ಮೂವರೂ ಯಾಕೆ ಅಂದ. ನನಗೆ ಊಟ ಸೇರ್ತಿಲ್ಲ ಮೇಡಂ."

ನಾನು ಕುರ್ಚಿಗೆ ಒರಗಿದೆ. ಎಂಟು ದಿನದಿಂದ ಕಲ್ಲಿನ ಮೇಲೆ ಕೆತ್ತಿದಷ್ಟು ಖಾತ್ರಿಯಾಗಿ ನಾನು ತಿಳಿದಿದ್ದದ್ದು ತಪ್ಪಾಗಿತ್ತು. ಅವಳೊಬ್ಬಳೇ ಬರೆದಳು ಎಂದು ವರದಿ ಕೊಟ್ಟಿದ್ದರೆ ಸುಳ್ಳು ವರದಿಯಾಗುತ್ತಿತ್ತು. ಅವನು ಏನೂ ಮಾಡಿಲ್ಲ ಎಂದರೆ ಅದೂ ಸುಳ್ಳು. ಪ್ರಾಂಶುಪಾಲರ ಊಹೆಯಲ್ಲಿ ಮೂರನೇ ಒಂದು ಪಾಲು ಸರಿ ಇತ್ತು, ನನ್ನ ಊಹೆಯಲ್ಲೂ ಅಷ್ಟೇ. ಇಬ್ಬರೂ ಪೂರಾ ನಂಬಿದ್ದೆವು. ಒಬ್ಬರ ಕೈಯನ್ನು ಇನ್ನೊಬ್ಬರ ಕೈ ತಡೆಯಬೇಕು ಎಂದು ಆ ಸಂವಿಧಾನ ಬರೆದವರು ಏಕೆ ಅಷ್ಟು ಹಟ ಹಿಡಿದರು ಎಂದು ನಾಲ್ಕು ವರ್ಷ ಪಾಠ ಮಾಡಿದ್ದೆ. ಅರ್ಥವಾದದ್ದು ಆ ಕುರ್ಚಿಯ ಮೇಲೆ. ಕೆಟ್ಟವರನ್ನು ಹಿಡಿಯಲಿಕ್ಕೆ ಮಾತ್ರ ಅಲ್ಲ ಅದು. ಖಾತ್ರಿ ಇರುವವರನ್ನು ತಡೆಯಲಿಕ್ಕೆ.

"ಹೋಗಿ ಓದಿಕೋ," ಎಂದೆ ಅವಳಿಗೆ. "ಯಾರಿಗೂ ಏನೂ ಹೇಳಬೇಡ."

ಮನೆಗೆ ಹೋಗಲಿಲ್ಲ. ಅಲ್ಲೇ ಕೂತು ವರದಿ ಬರೆದೆ. ಒಂದೂವರೆ ಪುಟ. ಆ ಹಾಳೆ ತರಗತಿಯ ಕೆಲಸದ ಭಾಗ. ಹೆಸರಿಲ್ಲದೆ ಬರೆಯಬೇಕೆಂಬ ಷರತ್ತು ನನ್ನದು. ಅದಕ್ಕೆ ಉತ್ತರ ಕೊಡಬೇಕಾದವಳು ನಾನು, ವಿದ್ಯಾರ್ಥಿಗಳಲ್ಲ. ಹಾಗಿರುವಾಗ ನಾನು ಇದರ ವಿಚಾರಣೆ ಮಾಡುವುದು ಸರಿಯಲ್ಲ. ಬರಹ ಪ್ರಾಂಶುಪಾಲರ ಕ್ರಮದ ಬಗ್ಗೆ ಇರುವುದರಿಂದ ಅವರು ತೀರ್ಮಾನಿಸುವುದೂ ಸರಿಯಲ್ಲ. ಆಡಳಿತ ಮಂಡಳಿಯವರು ಇಬ್ಬರನ್ನೂ ಬಿಟ್ಟು ಬೇರೆಯವರಿಂದ ನೋಡಿಸಬೇಕು. ತೀರ್ಮಾನವಾಗುವ ಮೊದಲೇ ಒಬ್ಬ ವಿದ್ಯಾರ್ಥಿಯನ್ನು ಹೊರಗಿಟ್ಟಿರುವುದನ್ನು ಹಿಂತೆಗೆದುಕೊಳ್ಳಬೇಕು. ಬರೆದು ಮುಗಿಸಿ ಮೂರು ಸಲ ಓದಿದೆ. ಸಹಿ ಹಾಕುವಾಗ ನನ್ನ ಹೆಸರಿನ ಕೊನೆಯ ಅಕ್ಷರವೇ ಬಿಟ್ಟುಹೋಗಿ ಮತ್ತೆ ಸೇರಿಸಿದೆ.

ಪ್ರಾಂಶುಪಾಲರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಮೇಡಂ, ಇದು ಅಮೆರಿಕ ಅಲ್ಲ. ಹೊನ್ನಾಳಿ ಪಕ್ಕದ ಒಂದು ಕಾಲೇಜು."

"ಹೌದು ಸರ್."

"ನಾನು ಕೇಳಿದ್ದು ಒಂದು ಹೆಸರು. ನೀವು ಕೊಟ್ಟಿದ್ದು ಪಾಠ. ಯಾರು ಬರ್ದಿದ್ದು ಅಂತ ನಿಮಗೆ ಗೊತ್ತೈತೋ ಇಲ್ವೋ?"

ಈ ಸಲ ಬಾಯಿ ತಾನಾಗಿ ಹೇಳಲಿಲ್ಲ. ನಾನೇ ಹೇಳಿದೆ. "ಗೊತ್ತಿದೆ ಸರ್. ಹೇಳಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ. "ಇದನ್ನ ಮಂಡಳಿಗೆ ಕಳಿಸಿದ್ರೆ ನನ್ನ ಮೇಲೆ ನಾನೇ ದೂರು ಕೊಟ್ಟಂಗೆ ಆಗ್ತೈತೆ," ಎಂದರು.

"ನೀವು ಕಳಿಸದಿದ್ದರೆ ನಾನು ಕಳಿಸಬೇಕಾಗುತ್ತೆ ಸರ್," ಎಂದೆ. ಹಾಗೆ ಹೇಳಬೇಕೆಂದು ಬಂದಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಕಂಬಿ ಹಿಡಿದು ಇಳಿದೆ.

ಅವರೇ ಕಳಿಸಿದರು. ಅದು ಅವರ ದೊಡ್ಡತನವೋ, ಲೆಕ್ಕಾಚಾರವೋ ನನಗೆ ತಿಳಿಯದು. ಮಂಡಳಿಯ ಸಭೆಗೆ ನನ್ನನ್ನು ಕರೆಯಲಿಲ್ಲ. ಪರೀಕ್ಷೆಗೆ ಎರಡು ದಿನ ಇರುವಾಗ ಹುಡುಗನಿಗೆ ಹಾಲ್ ಟಿಕೆಟ್ ಸಿಕ್ಕಿತು. ಆ ಎರಡು ದಿನ ಅವನೂ ಅವಳೂ ಗ್ರಂಥಾಲಯದಲ್ಲಿ ಎದುರುಬದುರು ಕೂತು ಓದುತ್ತಿದ್ದರು, ಒಬ್ಬರಿಗೊಬ್ಬರು ಮಾತಾಡದೆ. ಬರೆದವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಮತ್ತೆ ಎತ್ತಲಿಲ್ಲ. ಫೋನಿನ ವಿಷಯಕ್ಕೆ ಮೂವರು ಅಧ್ಯಾಪಕರ ಸಮಿತಿಯಾಯಿತು, ಫೋನ್ ತೆರೆದು ನೋಡುವಂತಿಲ್ಲ ಎಂದೂ ಆಯಿತು. ಸಮಿತಿಯ ಅಧ್ಯಕ್ಷರು ಮಾತ್ರ ಪ್ರಾಂಶುಪಾಲರೇ. ನೋಟಿಸ್ ಬೋರ್ಡಿಗೆ ಗಾಜಿನ ಬಾಗಿಲು, ಬೀಗ ಬಂತು. ಗೆದ್ದೆವೋ ಸೋತೆವೋ ಎಂದು ಆ ಹುಡುಗ ಕೇಳಿದ. ಹಕ್ಕುಗಳ ಪಟ್ಟಿಯನ್ನು ಅಮೆರಿಕದಲ್ಲೂ ಆಮೇಲೆ ಸೇರಿಸಿದರು, ಆದರೆ ಆ ಹುಡುಗಿ ಕೇಳಿದ ಐದರಲ್ಲಿ ಮೂರರ ಲೆಕ್ಕ ಹೋಗಲು ಒಂದು ದೊಡ್ಡ ಯುದ್ಧವೇ ಆಗಬೇಕಾಯಿತು ಎಂದಷ್ಟೇ ಹೇಳಿದೆ.

ಮುಂದಿನ ವರ್ಷ ನನಗೆ ಪತ್ರ ಬರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ವರ್ಷ ಗಂಡನ ಅಂಗಡಿಯಲ್ಲಿ ಕೂತು ಯಾರ ಮೋಟರ್ ಯಾವುದು ಎಂದು ಚೀಟಿ ಕಟ್ಟುವ ಕೆಲಸ ಮಾಡಿದೆ. ಆಮೇಲೆ ಚನ್ನಗಿರಿಯಲ್ಲಿ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ಹುಡುಗ ಕಾನೂನು ಓದಲು ಸೇರಿದ. ಹುಡುಗಿ ಜಗಳೂರಿಗೆ ವಾಪಸು ಹೋಗಿ, ಅಲ್ಲಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಕಟ್ಟುತ್ತಿದ್ದಾಳೆ. ಫೋನ್ ಕಳೆದುಕೊಂಡ ಗೆಳತಿ ಪದವಿ ಮುಗಿಸಿದಳು ಎಂದಷ್ಟೇ ಗೊತ್ತು. ಅವಳು ನನ್ನ ಹತ್ತಿರ ಒಮ್ಮೆಯೂ ಆ ವಿಷಯ ಮಾತಾಡಲಿಲ್ಲ.

ಹೋದ ವರ್ಷ ಹೊನ್ನಾಳಿಯಲ್ಲಿ ನ್ಯಾಮತಿ ಬಸ್ ಹತ್ತಿದಾಗ ಪ್ರಾಂಶುಪಾಲರು ಕಿಟಕಿ ಪಕ್ಕ ಕೂತಿದ್ದರು. ನಿವೃತ್ತರಾಗಿದ್ದರು, ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಚೀಲ ತೆಗೆದು ಜಾಗ ಮಾಡಿದರು. ಕೂರದೆ ವಿಧಿಯಿರಲಿಲ್ಲ. ಮಕ್ಕಳು, ಆರೋಗ್ಯ, ಮಳೆ ಎಲ್ಲ ಮುಗಿದ ಮೇಲೆ ಅವರೇ ಆ ಹಳೆಯ ವಿಷಯ ಎತ್ತಿದರು.

"ಆ ತಿಂಗಳು ನನಗೆ ಬಿ.ಪಿ. ಶುರುವಾತು ಮೇಡಂ. ನಿಮಗೆ ಗೊತ್ತಿರಾಕಿಲ್ಲ. ಫೋನ್ ಸಿಕ್ಕಿತ್ತಲ್ಲ, ಆ ಹುಡುಗಿ ತಂದೆ ಮೆಸೇಜ್ ವಿಷಯ ತಿಳಿದು ಮಂಡಳಿಯವರ ಹತ್ರ ಹೋಗಿದ್ರು, ನಿಮ್ಮ ಕಾಲೇಜಿನಾಗೆ ಹೆಣ್ಮಕ್ಕಳನ್ನ ಹೆಂಗೆ ನೋಡ್ಕೊಂತೀರಿ ಅಂತ. ಮಂಡಳಿಯವರು ನನ್ನನ್ನ ಕರೆಸಿ, ಬಿಗಿ ಮಾಡ್ತೀಯೋ ಮನೆಗೆ ಹೋಗ್ತೀಯೋ ಅಂದಿದ್ರು. ನನ್ನ ಮೇಲೂ ಒಬ್ರಿದ್ರು."

"ಅದನ್ನು ನೀವು ಹೇಳಲೇ ಇಲ್ಲ ಸರ್."

"ಯಾರಿಗೆ ಹೇಳಲಿ? ನೀವೆಲ್ಲ ನನ್ನ ಕೆಳಗಿದ್ದೋರು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಈಗಲಾದ್ರೂ ಹೇಳ್ರಿ. ಅವನೇ ತಾನೆ?"

ಹೇಳಿದರೆ ಈಗ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರ ಕೈಯಲ್ಲಿ ಯಾವ ಹಾಲ್ ಟಿಕೆಟ್ಟೂ ಇರಲಿಲ್ಲ. ಆದರೂ ಆ ಹಾಳೆಗೆ ಹೆಸರು ಬೇಡ ಎಂದಿದ್ದವಳು ನಾನೇ.

"ಬೇಡ ಸರ್," ಎಂದೆ.

ಅವರು ತಲೆಯಾಡಿಸಿದರು. ಅವರ ಊರಿನ ನಿಲುಗಡೆ ಬಂದಾಗ ಕಂಬಿ ಹಿಡಿದು ಎದ್ದು, ಇಳಿಯುವ ಮೊದಲು ಆ ಹುಡುಗ ಈಗ ಏನು ಮಾಡ್ತಿದ್ದಾನೆ ಎಂದು ಕೇಳಿದರು. ಕಾನೂನು ಓದುತ್ತಿದ್ದಾನೆ ಎಂದೆ. "ಒಳ್ಳೇದಾತು," ಎಂದು ಇಳಿದರು. ಬಸ್ ಹೊರಟಿತು. ಅವರು ಧೂಳಿನಲ್ಲಿ ನಿಂತು ರಸ್ತೆ ದಾಟಲು ಆಚೀಚೆ ನೋಡುತ್ತಿದ್ದರು. ಲಾರಿಯೊಂದು ಜೋರಾಗಿ ಬರುತ್ತಿತ್ತು. ಅವರು ದಾಟಿದ್ದು ಕಾಣುವವರೆಗೆ ನಾನು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದೆ.